ಸೌಳು ನೀರಿನ ತವರೂರು

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿತ್ತರು. ಮಾತಾಡಿದವರೆಲ್ಲ ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನೇ ಓದಿದರು. ಇಷ್ಟು ವರ್ಷ ನಾನು ಏನು ಕೆಲಸ ಮಾಡಿದೆ ಎಂದು ಒಬ್ಬರೂ ಹೇಳಲಿಲ್ಲ. ಗೊತ್ತಿದ್ದರೆ ತಾನೆ ಹೇಳುವುದು! ಕೊನೆಗೆ ನನಗೂ ಎರಡು ಮಾತಾಡಿ ಎಂದರು. "ಉಪ್ಪಿಟ್ಟು ಆರುತ್ತಿದೆ, ತಿನ್ನಿ" ಎಂದು ಹೇಳಿ ಕೂತುಬಿಟ್ಟೆ.

ಮೊನ್ನೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮಧುಗಿರಿಯ ನಮ್ಮ ಮನೆ ಹುಡುಕಿಕೊಂಡು ಬಂದರು. "ಮೇಡಂ, ಫೀಲ್ಡ್ ಕೆಲಸ ನಿಜವಾಗಿ ಹೇಗಿರುತ್ತೆ? ಆಫೀಸಿನಲ್ಲಿ ಕೇಳಿದರೆ ಎಲ್ಲರೂ ನಿಮ್ಮನ್ನೇ ಕೇಳಿ ಅಂತಾರೆ, ಅಂದು ನಗ್ತಾರೆ" ಎಂದರು. ಯಾಕೆ ನಗುತ್ತಾರೆ ಎಂಬುದು ನನಗೆ ಗೊತ್ತು. ನಕ್ಕವರ ಹೆಸರೂ ಗೊತ್ತು. ಅವತ್ತು ಕಾಫಿ ಕೊಟ್ಟು ಕಳಿಸಿದೆ, ಉತ್ತರ ಈಗ ಬರೆಯುತ್ತಿದ್ದೇನೆ.

ನೀರಿನ ತವರೂರು ಯಾವುದೆಂದು ನೀರನ್ನೇ ಕೇಳುವುದು ನನ್ನ ಕೆಲಸವಾಗಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ನೆಲದಡಿ ಗಟ್ಟಿ ಬಂಡೆ. ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಮುನ್ನೂರು ಅಡಿಯ ಬೋರು ಆರುನೂರಾಯಿತು, ಸಾವಿರ ದಾಟಿತು. ಆಳಕ್ಕೆ ಹೋದಂತೆ ಕೆಲವು ಕಡೆ ಸೌಳು ನೀರು, ಅಂದರೆ ಉಪ್ಪುಪ್ಪಾದ ನೀರು, ಬರತೊಡಗಿತು. ಆ ಉಪ್ಪು ಮೇಲಿಂದ ಇಳಿದದ್ದೋ, ಬಂಡೆಯೊಳಗೇ ಕೂಡಿಕೊಂಡದ್ದೋ? ನಾಲಿಗೆಗೆ ಎರಡೂ ಒಂದೇ ರುಚಿ. ವ್ಯತ್ಯಾಸ ಹೇಳುವುದು ಐಸೊಟೋಪು. ನೀರಿನ ಆಮ್ಲಜನಕದಲ್ಲಿ ಹಗುರಾದದ್ದೂ ಇರುತ್ತದೆ, ತುಸು ಭಾರವಾದದ್ದೂ ಇರುತ್ತದೆ. ಕೆರೆಯಲ್ಲಿ ನಿಂತು ಬಿಸಿಲಿಗೆ ಕಾದ ನೀರಿನಿಂದ ಹಗುರಾದದ್ದು ಮೊದಲು ಆವಿಯಾಗುತ್ತದೆ, ಭಾರವಾದದ್ದು ಹೆಚ್ಚು ಉಳಿಯುತ್ತದೆ. ಹಾಗಾಗಿ ಕೆರೆಯ ನೀರನ್ನು ಎಲ್ಲಿ ಕಂಡರೂ ಗುರುತಿಸಬಹುದು. ಇನ್ನು ಟ್ರಿಟಿಯಂ ಎಂಬುದು ಮಳೆಯ ಜೊತೆ ಆಕಾಶದಿಂದ ಇಳಿಯುತ್ತದೆ, ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಅದು ಕಂಡರೆ ನೀರು ನಮ್ಮ ಕಾಲದ್ದು. ಕಾಣದಿದ್ದರೆ ನಮ್ಮಜ್ಜಿಯ ಕಾಲಕ್ಕೂ ಹಿಂದಿನದು. ಎಷ್ಟು ಹಿಂದಿನದು ಎಂದು ಹೇಳಲು ನೀರಿನಲ್ಲಿ ಕರಗಿದ ಇಂಗಾಲವಿದೆ. ಇಷ್ಟು ತಿಳಿದರೆ ಮುಂದಿನದನ್ನು ಓದಲು ಸಾಕು.

ನನ್ನ ಮೊದಲ ಮೇಲಧಿಕಾರಿ ಮಾತಿಗೆ ಮೊದಲು ಬೈಯುವವರು. ಆದರೆ ಕೆಲಸ ಕಲಿಸಿದರು, ಅದಕ್ಕೇ ಬೈಗುಳವನ್ನೆಲ್ಲ ಮರೆತೆ. ಬಾಟಲಿಯೊಳಗೆ ಒಂದು ಗುಳ್ಳೆ ಗಾಳಿ ಇದ್ದರೂ ನನ್ನೆದುರೇ ಮೋರಿಗೆ ಸುರಿಯುತ್ತಿದ್ದರು. "ನಾನು ತರಹೇಳಿದ್ದು ನೀರಮ್ಮ, ನೀವು ಗಾಳಿ ತಂದಿದ್ದೀರಿ." ಹಾಗಾಗಿ ಪಂಪಿನ ಕೆಳಗೆ ಬಕೆಟ್ ಇಟ್ಟು, ಬಾಟಲಿಯನ್ನು ಅದರಲ್ಲಿ ಮುಳುಗಿಸಿ, ಮುಳುಗಿದ್ದಂತೆಯೇ ಮುಚ್ಚಳ ತಿರುಗಿಸುವುದನ್ನು ಕಲಿತೆ. ಪುರವರದ ಹತ್ತಿರ ಒಂದು ಹಳ್ಳಿಯಲ್ಲಿ ನಾನು ಹೀಗೆ ಕೂತಿದ್ದಾಗ ಕೊಡ ಹಿಡಿದು ಬಂದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. "ಏನ್ ಕಣಮ್ಮ, ಹಸುಗೂಸಿಗೆ ನೀರು ಹಾಕ್ದಂಗೆ ಬಾಟ್ಲಿಗೆ ನೀರು ಹಾಕ್ತಾ ಇದೀಯಾ? ಆಮ್ಯಾಕೆ ಸಾಂಬ್ರಾಣಿ ಹೊಗೆನೂ ಹಿಡೀತೀಯಾ?" ಎಂದಳು. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಆಗೆಲ್ಲ ಇಂಗಾಲದಿಂದ ವಯಸ್ಸು ನೋಡಬೇಕಾದರೆ ದೊಡ್ಡ ಡ್ರಮ್ಮಿನ ತುಂಬ ನೀರು ಬೇಕಿತ್ತು. ಅದಕ್ಕೆ ಪುಡಿ ಬೆರೆಸಿದರೆ ಸುಣ್ಣದಂಥ ಬಿಳಿ ಗಷ್ಟು ತಳಕ್ಕೆ ಇಳಿಯುವುದು. ಅದು ಇಳಿಯುವವರೆಗೆ ಅರ್ಧ ದಿನ ಹೊಂಗೆ ಮರದ ಕೆಳಗೆ ಕಾಯಬೇಕು. ಈಗ ಒಂದು ಬಾಟಲಿ ಸಾಕು. ಅನುಕೂಲವೇ, ಇಲ್ಲ ಎನ್ನುವುದಿಲ್ಲ. ಆದರೆ ಆ ಅರ್ಧ ದಿನದಲ್ಲಿ ಊರಿನವರು ಬಂದು ಕೂತು, ಎಲೆ ಅಡಿಕೆ ಹಾಕಿಕೊಂಡು, ತಮ್ಮ ಬಾವಿ ಬೋರುಗಳ ಜಾತಕವನ್ನೆಲ್ಲ ಬಿಚ್ಚುತ್ತಿದ್ದರು. ಈಗ ಊರು ಬಾಯಿ ಬಿಡುವಷ್ಟರಲ್ಲಿ ಗಾಡಿ ಮುಂದಿನ ಊರಿಗೆ ಹೋಗಿರುತ್ತದೆ.

ಪಾವಗಡದ ಕಡೆ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ಒಬ್ಬ ತಾತ ನನ್ನ ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಏಮಮ್ಮಾ, ಈ ಉಪ್ಪುನೀಳ್ಳು ಎಕ್ಕಡಿಕಿ ತೀಸ್ಕಪೋತಾವು?" ಎಂದು, ಈ ಉಪ್ಪುನೀರನ್ನು ಎಲ್ಲಿಗೆ ಒಯ್ಯುತ್ತೀಯೆಂದು, ತೆಲುಗಿನಲ್ಲಿ ಕೇಳಿದ. ಪರೀಕ್ಷೆಗೆ ಒಯ್ಯುತ್ತೇನೆ ಎಂದೆ. "ಪರೀಕ್ಷೆನಾ? ಇಲ್ಲೇ ಒಂದು ಗುಟುಕು ಕುಡಿ ತಲ್ಲೀ, ಪರೀಕ್ಷೆ ಆಗೋಯ್ತದೆ. ನಾವು ದಿನಾ ಬರೀತಾ ಇದೀವಿ ಆ ಪರೀಕ್ಷೆನ." ಮೈ ಉರಿದುಹೋಯಿತು. ಅವನ ಮೇಲಲ್ಲ, ನನ್ನ ಮೇಲೆ. ಅವನೆದುರೇ ಬೊಗಸೆಯಲ್ಲಿ ಹಿಡಿದು ಕುಡಿದೆ. ಎರಡನೇ ಗುಟುಕು ಇಳಿಯಲಿಲ್ಲ. ಅಲ್ಲಿಂದ ಮುಂದೆ ಯಾವ ಬೋರಿನ ನೀರನ್ನಾದರೂ ಮೊದಲು ನನ್ನ ಬಾಯಿಗೆ ಹಾಕಿಕೊಂಡೇ ಬಾಟಲಿಗೆ ಹಾಕಿದೆ. ಇಲಾಖೆಯ ನಿಯಮದಲ್ಲಿ ಹಾಗಿಲ್ಲ ಎಂದು ಯಾರೋ ಹೇಳಿದರು. ಇಲ್ಲದಿದ್ದರೆ ಹೋಗಲಿ ಬಿಡಿ, ನಿಯಮ ಬರೆದವರು ಪಾವಗಡದ ನೀರು ಕುಡಿದವರಲ್ಲ.

ಈಗ ಕಳ್ಳಂಬೆಳ್ಳ ಹೋಬಳಿಯ ಒಂದು ಊರಿನ ವಿಷಯಕ್ಕೆ ಬರುತ್ತೇನೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಓದಿದರೆ ಗುರುತು ಹಿಡಿಯುತ್ತಾರೆ, ಅಷ್ಟು ಸಾಕು.

ಹಳೆಯ ಬೋರು ಒಣಗಿತೆಂದು ಆ ಊರಿನಲ್ಲಿ ಹೊಸದನ್ನು ಸಾವಿರದ ಇನ್ನೂರು ಅಡಿಗೆ ಕೊರೆದಿದ್ದರು. ಮೊದಮೊದಲು ಸೀನೀರು ಬಂತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಾಯಿಗಿಡಲಾರದಷ್ಟು ಸೌಳಾಯಿತು. ಬೋರಿನಿಂದ ಕೂಗಳತೆಯಲ್ಲಿ ಖಾಸಿಂ ಸಾಬರ ತೊಗಲಿನ ಶೆಡ್ಡು. ಶಿರಾ ಪೇಟೆಯ ಮಟನ್ ಅಂಗಡಿಗಳಿಂದ ಕುರಿ ಮೇಕೆಯ ಚರ್ಮ ತಂದು, ಕೊಳೆಯದ ಹಾಗೆ ಉಪ್ಪು ಹಚ್ಚಿ, ಮಡಿಸಿ, ಒಂದರ ಮೇಲೊಂದು ಪೇರಿಸಿ, ಲಾರಿಗೆ ಹಾಕಿ ಕಳಿಸುವುದು ಅವರ ಕಸುಬು. ಶೆಡ್ಡಿನ ಮುಂದೆ ಉಪ್ಪಿನ ಮೂಟೆಗಳು, ಹಿಂದೆ ಮನೆ. ನೀರು ಉಪ್ಪಾದ ಮೇಲೆ ಊರಿಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಬಾಯಲ್ಲಿ ಉಪ್ಪು, ಕಣ್ಣೆದುರಿಗೂ ಉಪ್ಪು. ಶೆಡ್ಡು ಎತ್ತಿಸಿ ಎಂದು ಊರಿನ ಕೆಲವು ಗಂಡಸರು ತಾಲ್ಲೂಕಿಗೆ ಅರ್ಜಿ ಕೊಟ್ಟರು. ಶೆಡ್ಡು ಎತ್ತಿದರೆ ಮನೆಯೂ ಹೋಗುತ್ತದೆ, ಎರಡೂ ಒಂದೇ ಜಾಗದಲ್ಲಿದ್ದವು. ಉಪ್ಪು ಶೆಡ್ಡಿನದೇ ಎಂದು ನಮ್ಮ ಇಲಾಖೆ ಹೇಳಿದರೆ ಆ ಸಂಸಾರ ಬೀದಿಗೆ ಬೀಳುತ್ತಿತ್ತು.

ಆ ಹೊತ್ತಿಗೆ ನನ್ನ ಮೇಲೆ ಬಂದು ಕೂತಿದ್ದ ಸಾಹೇಬರು ಬೇರೆ ಥರದವರು. ಬೈಯುತ್ತಿರಲಿಲ್ಲ. ನಗುನಗುತ್ತಾ "ಬರೆದುಕೊಡಿ ಮೇಡಂ, ಮುಗಿಸಿಬಿಡೋಣ" ಎನ್ನುತ್ತಿದ್ದರು. ಬೈಯುವವರನ್ನು ತಡೆದುಕೊಳ್ಳಬಹುದು, ಮುಗಿಸಿಬಿಡೋಣ ಎನ್ನುವವರ ಹತ್ತಿರ ಹುಷಾರಾಗಿರಿ. ನೀರು ತರುವ ಕೆಲಸವನ್ನು ಅವರು ಗುತ್ತಿಗೆಗೆ ಕೊಟ್ಟುಬಿಟ್ಟಿದ್ದರು. ಗುತ್ತಿಗೆಯವರು ಊರಿಗೆ ಮೊದಲೇ ಫೋನು ಮಾಡಿ, ಹೋಗಿ, ಬಾಟಲಿ ತುಂಬಿಕೊಂಡು ಬಂದರು. ನಾನು ಕಚೇರಿಯಲ್ಲಿ ಕೂತು ಫಲಿತಾಂಶ ಓದಬೇಕು.

ಫಲಿತಾಂಶ ಬಂತು. ನೀರಿನಲ್ಲಿ ಟ್ರಿಟಿಯಂ ಇತ್ತು. ಆಮ್ಲಜನಕವೂ ಭಾರ, ಬೇಸಿಗೆಯ ಕೆರೆ ನೀರಿನ ಹಾಗೆ. ಸಾಹೇಬರ ಮುಖ ಅರಳಿತು.

"ನೋಡಿ ಮೇಡಂ, ಮೇಲಿನ ನೀರು ಕೆಳಗೆ ಇಳಿದಿದೆ. ಅಂದ ಮೇಲೆ ಉಪ್ಪೂ ಮೇಲಿನದೇ. ಶೆಡ್ಡು ಅಂತ ಬರೆದುಕೊಡಿ, ಮುಗಿಸಿಬಿಡೋಣ."

"ಸಾರ್, ಸಾವಿರದ ಇನ್ನೂರು ಅಡಿ ಕೆಳಗಿನ ನೀರು ನಿನ್ನೆ ಕೆರೆಯಲ್ಲಿದ್ದ ಹಾಗಿದೆ. ಅದು ಹೇಗೆ?"

"ಬಿರುಕು ಇರುತ್ತಲ್ಲ."

"ಬಾಯಿಗಿಡೋಕೆ ಆಗಲ್ಲ ಅಂತ ಅರ್ಜಿ ಕೊಟ್ಟಿದ್ದಾರೆ. ಬಾಟಲಿಯಲ್ಲಿ ಅದರ ಅರ್ಧ ಉಪ್ಪೂ ಇಲ್ಲ. ಉಳಿದ ಉಪ್ಪು ದಾರಿಯಲ್ಲಿ ಚೆಲ್ಲಿತಾ?"

ನಗು ಮಾಯವಾಯಿತು. "ನೀವು ಸಹಿ ಹಾಕ್ತೀರೋ ಇಲ್ಲವೋ?" ಎಂದರು.

"ನಾನು ನೋಡದ ನೀರಿಗೆ ಸಹಿ ಹಾಕಲ್ಲ" ಎಂದೆ. ಸಾಹೇಬರು ತಾವೇ ಸಹಿ ಹಾಕಿ ತಾಲ್ಲೂಕಿಗೆ ಕಳಿಸಿದರು. ನಾನು ರಜೆ ಬರೆದುಕೊಟ್ಟು, ಮನೆಯಿಂದ ಬಾಟಲಿ, ಬಕೆಟ್, ಉಪ್ಪಿನಂಶ ಅಳೆಯುವ ನನ್ನ ಹಳೆಯ ಮೀಟರು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಶಿರಾ ಬಸ್ಸು ಹತ್ತಿದೆ. ಕಂಡಕ್ಟರು ಬಕೆಟ್ಟಿಗೂ ಲಗೇಜು ಟಿಕೆಟ್ ಹರಿಯಬೇಕೆಂದ. ಅವನ ಜೊತೆ ಜಗಳವಾಡುತ್ತಲೇ ಊರು ಬಂತು.

ಊರಿನ ನೀರುಗಂಟಿ ರಂಗ. ಬೋರಿನ ಸ್ವಿಚ್ಚು ಹಾಕುವುದು, ನೀರು ಬಿಡುವುದು ಅವನ ಕೆಲಸ. ಮೋಟರು ಹಾಕಪ್ಪ ಎಂದೆ.

"ಎಷ್ಟೊತ್ತು ಮೇಡಂ? ಅವತ್ತು ಬಂದ ಹುಡುಗ್ರು ಐದೇ ನಿಮಿಷಕ್ಕೆ ಹಿಡ್ಕಂಡು ಹೊಂಟೋದ್ರು."

"ಕರೆಂಟು ಇರೋವರೆಗೂ ಓಡಲಿ."

ಬೋರಿನ ಕೊಳವೆಯಲ್ಲಿ ನಿಂತ ನೀರನ್ನೆಲ್ಲ ಹೊರಗೆ ಚೆಲ್ಲಿ, ಬಂಡೆಯ ಬಿರುಕಿನಿಂದ ಹೊಸ ನೀರು ಬರುವವರೆಗೆ ಕಾಯಬೇಕು. ಈ ಕೆಲಸದ ಮೊದಲ ಪಾಠ ಅದು. ಮೋಟರು ಓಡಿತು, ಹೆಂಗಸರು ಕೊಡ ಹಿಡಿದು ಬಂದರು. ಅವರಲ್ಲಿ ಕುರಿ ಸಾಕುವ ಲಕ್ಕಮ್ಮನೂ ಇದ್ದಳು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಮೈಕಟ್ಟು. ನನ್ನ ಬಾಟಲಿ ನೋಡಿದ್ದೇ ಗಲ್ಲಕ್ಕೆ ಕೈ ಇಟ್ಟುಕೊಂಡಳು.

"ಅಯ್ಯೋ, ಮತ್ತೆ ಟೆಸ್ಟಾ ಕಣಮ್ಮ? ಮುಂಚೇನೇ ಹೇಳ್ಬಾರ್ದಾ? ಈ ಸಲ ನಾವು ನೀರೇ ಹುಯ್ದಿಲ್ವಲ್ಲ!"

"ಲಕ್ಕಕ್ಕಾ, ಸುಮ್ಕಿರು" ಎಂದ ರಂಗ.

"ಯಾವ ನೀರಮ್ಮ?" ಎಂದೆ.

ಲಕ್ಕಮ್ಮ ಸುಮ್ಮನಿರುವ ಪೈಕಿ ಅಲ್ಲ. "ಹೊಸ ಬಾವಿ ತೋಡ್ದಾಗ ಕೆರೆಯಿಂದ ಒಂದು ಕೊಡ ನೀರು ತಂದು ಹುಯ್ಯಾದು ನಮ್ಮೂರ ಪದ್ಧತಿ. ಗಂಗಮ್ಮನ ಬಾಯಿ ಸೀ ಮಾಡಾದು. ಈ ಬೋರಿಗೆ ಅಂಗೆ ಮಾಡೇ ಇರ್ಲಿಲ್ಲ. ಟೆಸ್ಟಿನೋರು ಬತ್ತಾರೆ ಅಂತ ಫೋನ್ ಬಂತಲ್ಲ, ಫೇಲಾದ್ರೆ ಮೋಟ್ರು ಎತ್ಕಂಡು ಹೋಗ್ಬುಡ್ತಾರೆ ಅಂದ್ರು. ಪಕ್ಕದೂರಲ್ಲಿ ಇಂಗೇ ಎತ್ಕಂಡು ಹೋದ್ರು ಕಣಮ್ಮ. ಸೌಳಾದ್ರೂ ದನಕ್ಕೆ, ಪಾತ್ರೆ ತೊಳ್ಯಾಕೆ ಆಯ್ತದೆ. ಅದೂ ಹೋದ್ರೆ ಕೊಡ ಹೊರೋರು ಯಾರು, ಅರ್ಜಿ ಕೊಟ್ಟ ಗಂಡಸ್ರಾ? ಅದಕ್ಕೇ ಹೆಂಗಸ್ರೆಲ್ಲ ಸೇರ್ಕಂಡು, ಒಂದು ಕೊಡ ಎಲ್ಲಿ ಸಾಕಾಯ್ತದೆ ಅಂತ, ಕೆರೆಯಿಂದ ಟ್ಯಾಂಕರ್ ಮೇಲೆ ಟ್ಯಾಂಕರ್ ತಂದು ಹುಯ್ದ್ಬುಟ್ವಿ. ಅರಿಶಿನ ಕುಂಕುಮ ಹಾಕಿ ಕಾಯಿನೂ ಒಡೆದ್ವಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರಯೋಗಾಲಯದ ಲಕ್ಷಗಟ್ಟಲೆ ಬೆಲೆಯ ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಕೆರೆ ನೀರನ್ನು ನೋಡಿ ಕೆರೆ ನೀರು ಎಂದಿತ್ತು. ಅದನ್ನು ಓದಿ ನಮ್ಮ ಸಾಹೇಬರು ಒಂದು ಸಂಸಾರವನ್ನು ಎತ್ತಂಗಡಿ ಮಾಡಲು ಹೊರಟಿದ್ದರು.

ಅವತ್ತು ಕರೆಂಟು ಹೋಗಿ ಬಂದು, ಹೋಗಿ ಬಂದು, ಬಿಸಿಲು ಇಳಿಯುವವರೆಗೆ ಅಲ್ಲೇ ಕೂತೆ. ಆಗಾಗ ನೀರು ಹಿಡಿದು ಮೀಟರು ಅದ್ದುತ್ತಿದ್ದೆ. ಉಪ್ಪು ಏರುತ್ತಾ ಹೋಯಿತು. ಮಧ್ಯಾಹ್ನ ಖಾಸಿಂ ಸಾಬರು ಸ್ಟೀಲಿನ ಲೋಟದಲ್ಲಿ ಚಹಾ ತಂದುಕೊಟ್ಟು ದೂರ ಕೂತರು. ಕುರುಚಲು ಗಡ್ಡ, ಉಪ್ಪಿಗೆ ಒಡೆದ ಕೈಗಳು. ನಾನು ಮೀಟರು ನೋಡಿ ನಗುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

"ಮೇಡಮ್ಮ, ಉಪ್ಪು ಜಾಸ್ತಿ ಆಗ್ತಾ ಐತೆ ಅಂತೀರಿ, ಖುಷೀನೂ ಪಡ್ತೀರಿ. ನಮ್ದು ಕಥೆ ಖತಂ ಅಂತನಾ?"

"ಇಲ್ಲ ಭಾಯ್, ಹುಯ್ದ ಕೆರೆ ನೀರು ಖಾಲಿ ಆಗ್ತಾ ಇದೆ. ಈಗ ಬರ್ತಾ ಇರೋದು ನಿಜವಾದ ನೀರು."

"ನಿಜವಾದ ನೀರು ನಮ್ದೇ ತಪ್ಪು ಅಂತ ಹೇಳಿದ್ರೆ?"

"ಹೇಳಿದರೆ ನಾನೂ ಅದನ್ನೇ ಹೇಳ್ತೀನಿ" ಎಂದೆ. ಅವರು "ಠೀಕ್ ಹೈ, ಹಂಗೇ ಹೇಳಿ" ಎಂದು ಲೋಟ ತೆಗೆದುಕೊಂಡು ಹೋದರು. ಆ ಮಾತಿಗೆ ನನಗೆ ಅವರ ಮೇಲೆ ಗೌರವ ಬಂತು.

ಬೋರಿನ ನೀರಿನ ಜೊತೆಗೆ ಖಾಸಿಂ ಸಾಬರ ಅಂಗಳದ ಬಾವಿಯ ನೀರನ್ನೂ ತುಂಬಿಕೊಂಡೆ. ಅವರ ಮೂಟೆಯಿಂದ ಒಂದು ಹಿಡಿ ಉಪ್ಪನ್ನೂ ತೆಗೆದುಕೊಂಡೆ. ಪ್ರಯೋಗಾಲಯದಲ್ಲಿ ನನ್ನ ಜೊತೆ ಓದಿದವಳೊಬ್ಬಳಿದ್ದಳು. "ಇಲಾಖೆಯ ಪತ್ರ ಇಲ್ಲದೆ ನಿನ್ನ ಬಾಟಲಿಗೆ ಸರದಿ ಎಲ್ಲಿಂದ ತರಲೇ?" ಎಂದಳು. "ಕಾಲೇಜಿನಲ್ಲಿ ನಿನ್ನ ಪ್ರಾಕ್ಟಿಕಲ್ ರೆಕಾರ್ಡ್ ಪೂರ್ತಿ ಬರೆದುಕೊಟ್ಟವಳು ಯಾರು?" ಎಂದೆ. ಸರದಿ ಸಿಕ್ಕಿತು.

ಬೋರಿನ ನೀರಿನಲ್ಲಿ ಟ್ರಿಟಿಯಂ ಸುಳಿವೇ ಇಲ್ಲ. ಇಂಗಾಲ ಸಾವಿರಾರು ವರ್ಷದ ಲೆಕ್ಕ ಹೇಳಿತು. ಉಪ್ಪಿನ ತವರು ಹೇಳಲು ಇನ್ನೊಂದಿದೆ, ಸ್ಟ್ರಾನ್ಷಿಯಂ ಎಂಬ ಲೋಹ. ನೀರಿನಲ್ಲೂ ಉಪ್ಪಿನಲ್ಲೂ ಅಷ್ಟಿಷ್ಟು ಇರುತ್ತದೆ. ಸಮುದ್ರದಿಂದ ಬಂದದ್ದರ ಐಸೊಟೋಪು ಬೇರೆ, ನಮ್ಮ ಬಂಡೆಯಿಂದ ಬಂದದ್ದರದು ಬೇರೆ. ಮೂಟೆಯ ಉಪ್ಪು ಸಮುದ್ರದ್ದು, ಬೋರಿನ ನೀರಿನಲ್ಲಿದ್ದದ್ದು ಬಂಡೆಯದು. ಕಥೆ ಸ್ಪಷ್ಟವಾಗಿತ್ತು. ಮೇಲಿನ ಬಿರುಕಿನ ಸೀನೀರು ಮುಗಿದ ಮೇಲೆ, ತಳದಲ್ಲಿ ಯುಗಯುಗದಿಂದ ಬಂಡೆಯನ್ನು ನೆಕ್ಕುತ್ತಾ ಬಿದ್ದಿದ್ದ ನೀರನ್ನು ನಾವೇ ಕೊರೆದು ಮೇಲೆತ್ತಿದ್ದೆವು. ಅದಕ್ಕೂ ಖಾಸಿಂ ಸಾಬರಿಗೂ ಸಂಬಂಧವಿರಲಿಲ್ಲ.

ಅವರ ಅಂಗಳದ ಬಾವಿ ಮಾತ್ರ ಅವರದೇ ಉಪ್ಪಿನಿಂದ ಕೆಟ್ಟಿತ್ತು. ಅದನ್ನೂ ಬರೆದೆ, ಅವರ ಮುಖಕ್ಕೇ ಹೇಳಿದೆ: "ಭಾಯ್, ನೆಲಕ್ಕೆ ಸಿಮೆಂಟು ಹಾಕಿಸಿ, ಇಲ್ಲದಿದ್ದರೆ ನಾಳೆ ನಿಮ್ಮ ಮೇಲೆ ಅರ್ಜಿ ಕೊಡುವವಳು ನಾನೇ." ಒಪ್ಪಿದರು, ಹಾಕಿಸಿದರು.

ಸಾಹೇಬರು ನನ್ನ ಹಾಳೆಗಳನ್ನು ತಿರುವಿ ಕೂಡ ನೋಡಲಿಲ್ಲ. "ರಜೆಯ ದಿನ ತಂದ ಬಾಟಲಿಗೆ ಬೆಲೆ ಇಲ್ಲ ಮೇಡಂ" ಎಂದರು. "ಅದು ರಜೆಯ ದಿನ ಅಂತ ನೀರಿಗೆ ಗೊತ್ತಿರಲಿಲ್ಲ ಸಾರ್" ಎಂದೆ. "ಮೊದಲ ವರದಿ ಹೋಗಿಯಾಗಿದೆ. ಊರವರು ನೀರು ಸುರಿದರು ಅಂತೀರಲ್ಲ, ಅದನ್ನು ಯಾರಾದರೂ ಬಂದು ಹೇಳ್ತಾರಾ? ಸರ್ಕಾರಿ ಬೋರಿಗೆ ನೀರು ಸುರಿದೆ ಅಂತ ಒಪ್ಪಿಕೊಳ್ಳೋ ಧೈರ್ಯ ಯಾರಿಗಿದೆ?" ಎಂದು ನಕ್ಕರು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಶೆಡ್ಡಿನ ತೀರ್ಮಾನಕ್ಕೆ ತಾಲ್ಲೂಕಿನ ಅಧಿಕಾರಿ ಊರಿಗೇ ಬರುವುದೆಂದು ನಿಗದಿಯಾಗಿತ್ತು.

ನಾನು ಮತ್ತೆ ಬಸ್ಸು ಹತ್ತಿ ಲಕ್ಕಮ್ಮನ ಮನೆಗೆ ಹೋದೆ. ಅವಳು ಕುರಿಹಟ್ಟಿ ಗುಡಿಸುತ್ತಿದ್ದಳು. ನೀನು ಬಂದು ಹೇಳಬೇಕು ಎಂದದ್ದೇ ತಡ, ಪೊರಕೆ ನೆಲಕ್ಕೆ ಕುಕ್ಕಿದಳು.

"ಆ ಶೆಡ್ಡಿನ ವಾಸ್ನೆಗೆ ಬೀದಿನಾಯಿಗಳು ಬತ್ತವೆ, ಬಂದೋವು ನನ್ನ ಮರಿಗಳ್ನ ಎಳ್ಕಂಡು ಹೋಯ್ತವೆ. ಎಷ್ಟು ಮರಿ ಕಳ್ಕಂಡಿದೀನಿ ಗೊತ್ತಾ? ಆ ಸಾಬ್ರ ಪರವಾಗಿ ನಾನ್ ಮಾತಾಡ್ಬೇಕಾ? ಕೇಸಾದ್ರೆ ರಂಗನ ಕೆಲ್ಸ ಹೋಯ್ತದೆ, ಊರೆಲ್ಲ ನನ್ ಮುಖಕ್ಕೆ ಉಗೀತದೆ. ಹೋಗ್ ಕಣಮ್ಮ, ನಿನ್ ಪಾಡಿಗೆ ನೀನ್ ಹೋಗು."

ನಾನು ಬೇಡಿಕೊಳ್ಳಲಿಲ್ಲ. "ನೀನು ಹುಯ್ದಿದ್ದು ಗಂಗಮ್ಮನಿಗೆ ಅಂತ. ಅದು ಹೋಗಿ ಬಿದ್ದದ್ದು ಅವರ ತಲೆ ಮೇಲೆ" ಎಂದಷ್ಟೇ ಹೇಳಿ ಬಂದೆ. ಅವಳ ಮರಿಗಳು ಸತ್ತಿದ್ದು ಸುಳ್ಳಲ್ಲವಲ್ಲ.

ಸಭೆ ಶಾಲೆಯ ಜಗುಲಿಯಲ್ಲಿ ಸೇರಿತು. ಕುರ್ಚಿಗಳಲ್ಲಿ ತಾಲ್ಲೂಕಿನ ಅಧಿಕಾರಿ, ನಮ್ಮ ಸಾಹೇಬರು. ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಿ ಮುಂದೆಯೇ ನಿಂತೆ. ಖಾಸಿಂ ಸಾಬರು ಕಂಬಕ್ಕೆ ಒರಗಿ ತಲೆ ತಗ್ಗಿಸಿದ್ದರು. ಸಾಹೇಬರು ಮೊದಲ ವರದಿ ಓದಿದರು. ಗಂಡಸರು ತಲೆದೂಗಿದರು. ನಾನು ನಡುವೆ ಬಾಯಿ ಹಾಕಿ ಎರಡನೇ ಪರೀಕ್ಷೆಯ ವಿಷಯ ಹೇಳಿದೆ. ಮೊದಲ ಸಲ ಬಾಟಲಿಗೆ ಬಂದದ್ದು ಬೋರಿಗೆ ಸುರಿದ ಕೆರೆಯ ನೀರು ಎಂದೆ. ಅಧಿಕಾರಿ ಒಳ್ಳೆಯ ಮನುಷ್ಯ, ಕೇಳಿಸಿಕೊಂಡರು.

"ಸುರಿದದ್ದು ಯಾರು?" ಎಂದು ಜನರನ್ನು ಕೇಳಿದರು.

ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು. ರಂಗ ಕಾಲಿನ ಉಗುರು ನೋಡುತ್ತಿದ್ದ. ಸಾಹೇಬರು ನನ್ನ ಕಡೆ ತಿರುಗಿ, "ನೋಡಿ ಮೇಡಂ, ನಿಮ್ಮ ಕಲ್ಪನೆ..." ಎಂದು ಶುರು ಮಾಡಿದರು.

"ಕಲ್ಪನೆನೂ ಇಲ್ಲ, ಗಿಲ್ಪನೆನೂ ಇಲ್ಲ. ನಾನೇ ಹುಯ್ದಿದ್ದು."

ಹೆಂಗಸರ ಗುಂಪಿನ ಹಿಂದಿನಿಂದ ಲಕ್ಕಮ್ಮ ಎದ್ದು ನಿಂತಿದ್ದಳು. ಕೈಯಲ್ಲಿ ಕುರಿ ಕಾಯುವ ಕೋಲು ಹಾಗೇ ಇತ್ತು.

"ಟ್ಯಾಂಕರ್‌ಗೆ ಹೇಳಿದ್ದೂ ನಾನೇ, ಕಾಯಿ ಒಡೆದಿದ್ದೂ ನಾನೇ. ಲೇ ರಂಗ, ಪೈಪು ಹಿಡ್ಕಂಡಿದ್ದೋನು ನೀನಲ್ವೇನ್ಲಾ? ಬಾಯಲ್ಲಿ ಏನು ಕಡ್ಲೆಪುರಿ ಇಟ್ಕಂಡಿದೀಯಾ?"

ರಂಗ ಎದ್ದು ನಿಂತು, "ಹೂಂ ಸಾರ್, ಹುಯ್ದ್ವಿ" ಎಂದ. ದನಿ ಹೊರಟಿತೋ ಇಲ್ಲವೋ ಅನ್ನುವಂತಿತ್ತು.

ಲಕ್ಕಮ್ಮ ಖಾಸಿಂ ಸಾಬರ ಕಡೆ ಕೋಲು ತೋರಿಸಿದಳು. "ಇವರ ಶೆಡ್ಡಿನ ವಾಸ್ನೆ ಕಂಡ್ರೆ ನಂಗಾಗಾಕಿಲ್ಲ. ಅದರ ಜಗಳ ನಾನ್ ಆಡ್ತೀನಿ, ಇವತ್ತೂ ಆಡ್ತೀನಿ, ನಾಳೆನೂ ಆಡ್ತೀನಿ. ಆದ್ರೆ ನಾನ್ ಹುಯ್ದ ನೀರಿಗೆ ಇವರ್ನ ಊರು ಬಿಡ್ಸಿದ್ರೆ, ಆಮ್ಯಾಕೆ ನಾನ್ ಆ ಗಂಗಮ್ಮನ ಮುಂದೆ ಹೆಂಗೆ ನಿಂತ್ಕಳ್ಳಿ? ಕೇಸ್ ಹಾಕದಾದ್ರೆ ನನ್ ಮ್ಯಾಲೆ ಹಾಕಿ ಸ್ವಾಮಿ."

ಯಾರೂ ಕೇಸು ಹಾಕಲಿಲ್ಲ. ಅಧಿಕಾರಿ ನನ್ನ ಹಾಳೆಗಳನ್ನು ಕೇಳಿ ತೆಗೆದುಕೊಂಡರು. "ಹಾಗಾದರೆ ಈ ಉಪ್ಪಿಗೆ ಹೊಣೆ ಯಾರು?" ಎಂದು ಕೇಳಿದರು. "ಅಷ್ಟು ಆಳಕ್ಕೆ ಕೊರೆಯಿರಿ ಎಂದವರು, ಸಾರ್" ಎಂದೆ. ಅದನ್ನು ಹೇಳಿದ್ದು ನಮ್ಮ ಇಲಾಖೆಯೇ. ಸಾಹೇಬರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಶೆಡ್ಡು ಎತ್ತಿಸುವ ಅರ್ಜಿ ಅಲ್ಲೇ ಬಿದ್ದುಹೋಯಿತು. ತಿಂಗಳೊಪ್ಪತ್ತಿನಲ್ಲಿ ನನ್ನನ್ನು ಪಾವಗಡದ ಕಡೆಗೆ ಎತ್ತಿ ಹಾಕಿದರು. ಒಂದು ಸಹಿ ಹಾಕಿದ್ದರೆ ಆರಾಮವಾಗಿ ಇರಬಹುದಿತ್ತಲ್ಲ ಎಂದು ಸಹೋದ್ಯೋಗಿಗಳು ಮರುಗಿದರು. ನಾನು ಮರುಗಲಿಲ್ಲ, ಇವತ್ತಿಗೂ ಮರುಗಿಲ್ಲ.

ಆದರೆ ನಾನು ನಿಮಗೆ ಹೇಳಬೇಕೆಂದದ್ದು ಸಭೆ ಮುಗಿದ ಮೇಲಿನ ಮಾತು. ಖಾಸಿಂ ಸಾಬರು ಬಲವಂತ ಮಾಡಿ ಶೆಡ್ಡಿನ ಹಿಂದಿನ ಮನೆಗೆ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟರೆ ಮನೆಯೇ ಖಾಲಿ. ಪಾತ್ರೆಗಳು ಗೋಣಿಚೀಲದಲ್ಲಿ, ಹಾಸಿಗೆ ದುಪ್ಪಟಿಯ ಗಂಟಿನಲ್ಲಿ, ಗೋಡೆಯ ಕನ್ನಡಿ ಸೀರೆಯೊಂದರಲ್ಲಿ ಸುತ್ತಿ ಮೂಲೆಯಲ್ಲಿ. ಬಾಗಿಲ ಬಳಿ ಹಗ್ಗ ಬಿಗಿದ ಒಂದು ಟ್ರಂಕು. ಅವರ ಹೆಂಡತಿ ಜೈತೂನ್‌ಬಿ ಬೆಳಗ್ಗೆಯೇ ಎಲ್ಲವನ್ನೂ ಕಟ್ಟಿಟ್ಟಿದ್ದರು.

"ಸಭೆ ಮುಗಿಯೋಕೆ ಮುಂಚೇನೇ ಕಟ್ಟಿದ್ರಾ?" ಎಂದೆ.

"ನಿಮ್ಮ ಆಫೀಸಿಂದ ಕಾಗ್ದ ಬಂದ್ಮೇಲೆ ಸಭೆ ಯಾಕೆ ಬೇಕು ಮೇಡಮ್ಮ? ನಮ್ಗೆ ಗೊತ್ತಾಯ್ತದೆ" ಎಂದರು. ಕೋಪವಿಲ್ಲದೆ ಹೇಳಿದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ದುಡಿದ ಇಲಾಖೆಯ ಬಗ್ಗೆ ಆ ಮನೆಯವರಿಗೆ ಇದ್ದ ನಂಬಿಕೆ ಅದು.

ಚಹಾಕ್ಕೆ ಲೋಟ ಬೇಕೆಂದು ಗೋಣಿಚೀಲ ಬಿಚ್ಚಿದರು. ಬಿಚ್ಚಿದ್ದೇ ಪಾತ್ರೆಗಳನ್ನೂ ಒಂದೊಂದಾಗಿ ತೆಗೆದು ಹಲಗೆಯ ಮೇಲೆ ಜೋಡಿಸಿದರು, ಹಾಸಿಗೆಯ ಗಂಟು ಬಿಚ್ಚಿದರು, ಕನ್ನಡಿಯನ್ನು ಮೊಳೆಗೆ ತೂಗುಹಾಕಿದರು. ಜೊತೆಗೆ ನಾನೂ ಕೈ ಹಾಕಿದೆ. ಕೊನೆಗೆ ಬಾಗಿಲ ಬಳಿಯ ಟ್ರಂಕಿನ ಹಗ್ಗಕ್ಕೆ ಕೈ ಹಾಕಿದಾಗ ಅವರು ನನ್ನ ಕೈ ಹಿಡಿದರು.

"ಅದು ಇರ್ಲಿ ಮೇಡಮ್ಮ. ಮುಂದಿನ ಬೋರು ಎಷ್ಟು ಅಡಿಗೆ ಹೊಡೀತಾರೋ, ನೋಡ್ಕಂಡು ಬಿಚ್ತೀನಿ."

ಆ ಊರಿನಲ್ಲಿ ಇನ್ನೂ ಆಳಕ್ಕೆ ಕೊರೆಯುವ ಪ್ರಸ್ತಾಪ ನಾನು ನಿವೃತ್ತಳಾಗುವವರೆಗೂ ಮತ್ತೆ ಮತ್ತೆ ಬಂತು. ಬಂದಾಗಲೆಲ್ಲ ಪಾವಗಡದಿಂದಲೇ ಬೇಡ ಎಂದು ಬರೆದೆ, ನನ್ನ ಅಭಿಪ್ರಾಯ ಯಾರೂ ಕೇಳದಿದ್ದಾಗಲೂ ಬರೆದೆ. ಈಗ ಬರೆಯುವ ಅಧಿಕಾರ ನನಗಿಲ್ಲ, ಆ ಕುರ್ಚಿಯಲ್ಲಿ ನೀವು ಕೂತಿದ್ದೀರಿ. ಹೋದ ತಿಂಗಳು ಆ ಕಡೆ ಹೋದಾಗ ಜೈತೂನ್‌ಬಿಯ ಮನೆಗೆ ಹೋಗಿದ್ದೆ. ಟ್ರಂಕಿನ ಹಗ್ಗ ಇನ್ನೂ ಬಿಚ್ಚಿಲ್ಲ.